ಕಡ್ಡಿ ಅಕ್ಕನ ಚೀಲ, ಕಾಣೆಯಾದ ಟಾರ್ಟನ್

ಗೊಂಬೆ ಬರಿಮೈಯಲ್ಲಿ ನಿಂತಿತ್ತು.

ನಿನ್ನೆ ಸಂಜೆಯವರೆಗೂ ಅದರ ಮೈಮೇಲೆ ಗಂಡಸರ ಟಾರ್ಟನ್ ಸ್ವೆಟರ್ ಒಂದಿತ್ತು. ಕಡುನೀಲಿ, ಕಡುಹಸಿರು, ನಡುವೆ ಅಡ್ಡಕ್ಕೂ ಉದ್ದಕ್ಕೂ ಹಾದುಹೋದ ಕೆಂಪು, ಹಳದಿ ಗೆರೆಗಳ ಚೌಕಳಿ. ಆ ಹೆಣಿಗೆ ಕಾರ್ಖಾನೆಯಲ್ಲಿ ಅಂಥದು ಒಂದೇ ಒಂದು. ಅದನ್ನು ನೋಡಲೆಂದೇ ಮಧ್ಯಾಹ್ನ ದೊಡ್ಡ ಮಳಿಗೆಯ ಖರೀದಿದಾರರು ಬರುವವರಿದ್ದರು. ಈಗ ಸ್ವೆಟರ್ ಇಲ್ಲ! ಬೀಗ ಒಡೆದಿಲ್ಲ. ಕಿಟಕಿ ಮುರಿದಿಲ್ಲ. ಯಜಮಾನರ ಗಂಟಲು ಮಾತ್ರ ಕೂಗಿ ಕೂಗಿ ಒಡೆದುಹೋಗಿತ್ತು.

ಹದ್ದಮ್ಮ ಬಂದು ತಲುಪುವಷ್ಟರಲ್ಲಿ ಯಜಮಾನರು ತಾವೇ ಅರ್ಧ ತನಿಖೆ ಮುಗಿಸಿ ಎಲ್ಲವನ್ನೂ ಕಲಸುಮೇಲೋಗರ ಮಾಡಿಟ್ಟಿದ್ದರು.

ಹದ್ದಮ್ಮ ಯಜಮಾನರ ಒಡಹುಟ್ಟಿದ ತಂಗಿ. ಬಟ್ಟೆ ಮಳಿಗೆಯೊಂದರಲ್ಲಿ ಕಳ್ಳತನ ಪತ್ತೆ ಮಾಡುವುದು ಆಕೆಯ ಉದ್ಯೋಗ. ಒಂದು ಪ್ಯಾಂಟ್ ಹಾಕಿಕೊಂಡು ಟ್ರಯಲ್ ರೂಮಿಗೆ ಹೋಗಿ ಎರಡು ಹಾಕಿಕೊಂಡು ಹೊರಬರುವವರನ್ನು ನಡಿಗೆಯಲ್ಲೇ ಗುರುತಿಸುತ್ತಾಳೆಂದು ಅಲ್ಲಿಯ ಹುಡುಗಿಯರು ಬೆನ್ನ ಹಿಂದೆ ಇಟ್ಟ ಹೆಸರದು. ಈಗ ಮನೆಯವರೂ ಮುಖದೆದುರೇ ಹಾಗೆ ಕರೆಯುತ್ತಾರೆ. ಇವತ್ತು ಆಕೆಗೆ ವಾರದ ರಜೆ. ಮಲಗಿದ್ದವಳನ್ನು ಅಣ್ಣನ ಫೋನು ಎಬ್ಬಿಸಿತ್ತು. ಸಿಟ್ಟು ಆಗಲೇ ಮೂಗಿನ ತುದಿಗೆ ಬಂದು ಕೂತಿತ್ತು.

ಒಳಗೆ ಕಾಲಿಡುತ್ತಿದ್ದಂತೆ ಆಕೆಯ ಕಣ್ಣಿಗೆ ಮೊದಲು ಬಿದ್ದದ್ದು ಬೋಳು ಗೊಂಬೆಯಲ್ಲ. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ಯಾರದೋ ಕೈಚೀಲವನ್ನು ಬೋರಲು ಹಾಕಿ ಸುರಿದಿದ್ದರು. ಊಟದ ಡಬ್ಬಿ, ಅದರ ಪಕ್ಕದಲ್ಲಿ ತೆಗೆದ ಮುಚ್ಚಳ. ಬಾಚಣಿಗೆ. ಮಾತ್ರೆಗಳ ಪಟ್ಟಿ. ಬಸ್ ಪಾಸು. ಅರ್ಧ ಹೆಣೆದು ನಿಲ್ಲಿಸಿದ ಮಗುವಿನ ಕಾಲುಚೀಲ.

"ಯಾರದು ಇದು?"

"ಕಡ್ಡಿದು," ಎಂದರು ಯಜಮಾನರು.

"ಸುರಿದಿದ್ದು ಯಾರು?"

"ನಾನೇ. ಕೇಳಿದ್ರೆ ಕಳ್ಳರು ತೆಗೆದು ಕೈಗೆ ಕೊಡ್ತಾರಾ?"

"ಎಲ್ಲರ ಮುಂದೇನಾ?"

"ಮತ್ತೆ? ಕದ್ದು ಮುಚ್ಚಿ ನೋಡೋಕೆ ನಾನೇನು ಕಳ್ಳನಾ?"

"ಸ್ವೆಟರ್ ಸಿಕ್ತಾ?"

"ಸಿಕ್ಕಿದ್ರೆ ನಿನಗ್ಯಾಕೆ ಫೋನ್ ಮಾಡ್ತಿದ್ದೆ?"

"ಸಿಗ್ಲಿಲ್ಲ ಅಂದ್ಮೇಲೆ ತುಂಬಿಡಬೇಕಿತ್ತು ತಾನೆ?"

"ತುಂಬ್ಕೊ ಅಂದೆ. 'ಸುರಿದವರೇ ತುಂಬಲಿ' ಅಂತ ಹೇಳಿ ಅಂಗಳದಲ್ಲಿ ಹೋಗಿ ಕೂತಿದಾಳೆ. ಎಷ್ಟು ಕೊಬ್ಬು ನೋಡು!"

ಹದ್ದಮ್ಮ ಹಲ್ಲು ಕಚ್ಚಿಕೊಂಡು ಮೇಜಿನ ಮೇಲೆ ಬಾಗಿದಳು. ಬಾಗಿದ ಕೂಡಲೇ ಕನ್ನಡಕಕ್ಕೆ ಕಟ್ಟಿದ ದಾರ ಪಟ್ಟನೆ ಹರಿದು ಕನ್ನಡಕ ಡಬ್ಬಿಯ ಮುಚ್ಚಳದೊಳಗೆ ಬಿತ್ತು. ಕನ್ನಡಕ ಇಲ್ಲದಿದ್ದರೆ ಹದ್ದಿಗೆ ಮೊಲವೂ ಒಂದೇ, ಮೋಟುಗೋಡೆಯೂ ಒಂದೇ.

"ಕೊಡು ಇಲ್ಲಿ," ಎಂದು ಯಜಮಾನರು ಕೆಲಸದ ಕೋಟಿನ ಜೇಬಿಗೆ ಕೈಹಾಕಿ ಸುರುಳಿ ಸುರುಳಿಯಾದ ಹಳದಿ ಉಲ್ಲನ್ ದಾರ ತೆಗೆದರು. ಹಲ್ಲಿನಿಂದ ಕಡಿದು, ಕನ್ನಡಕದ ಎರಡೂ ತುದಿಗೆ ಕಟ್ಟಿ, ತಂಗಿಯ ಕೊರಳಿಗೆ ತೂಗುಹಾಕಿದರು. ಅವರ ಜೇಬು ಯಾವತ್ತೂ ಹಾಗೆಯೇ. ಬಿದ್ದ ಎಳೆ, ಉಳಿದ ಎಳೆ, ಯಾವುದನ್ನೂ ಎಸೆಯುವ ಜಾಯಮಾನವಲ್ಲ. ದಾರ ಕತ್ತಿನ ಹಿಂದೆ ಕಚಗುಳಿ ಇಟ್ಟ ಹಾಗೆ ತುರಿಸತೊಡಗಿತು.

"ಈಗ ಮೊದಲಿಂದ ಹೇಳು. ಬಯ್ಗುಳ ಬಿಟ್ಟು ಬರೀ ನಡೆದದ್ದು ಹೇಳು," ಎಂದಳು ಹದ್ದಮ್ಮ.

"ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದೆ. ಸ್ಯಾಂಪಲ್ ಕೋಣೆ ಬೀಗ ತೆಗೆದೆ. ಅಷ್ಟರಲ್ಲಿ ಖರೀದಿದಾರರ ಕಡೆಯಿಂದ ಫೋನು. ಕೂತು ಮಾತಾಡಿದೆ. ಮುಗೀತು, ತಿರುಗಿ ನೋಡ್ತೀನಿ— ಗೊಂಬೆ ಬೋಳು!"

"ಬೀಗ ತೆಗೆದಾಗ ಗೊಂಬೆ ಮೇಲೆ ಸ್ವೆಟರ್ ಇತ್ತಾ?"

"ಆ ಕಡೆ ನೋಡ್ಲಿಲ್ಲ. ಬೆನ್ನು ಮಾಡಿ ಕೂತಿದ್ದೆ. ಆದ್ರೆ ನಾನು ಕೂತಿದ್ದಾಗ ಒಂದು ನೊಣಾನೂ ಒಳಗೆ ಬಂದಿಲ್ಲ. ಅಂದ್ಮೇಲೆ ರಾತ್ರೀನೇ ಹೋಗಿದೆ."

"ಕೋಣೆಯಲ್ಲಿ ಮತ್ತೇನಿತ್ತು?"

"ಏನಿರುತ್ತೆ? ಕನ್ನಡಿ, ಕುರ್ಚಿ, ಮೇಜು. ಮೇಜಿನ ಮೇಲೆ ನಮ್ಮ ಮಾಮೂಲಿ ಪಟ್ಟೆ ಸ್ವೆಟರ್ ಒಂದು ಬಿದ್ದಿತ್ತು, ಅರ್ಧಂಬರ್ಧ ಕೆಲಸ. ಸರಿಮಾಡಿ ಗೋದಾಮಿಗೆ ಸೇರಿಸಿದೆ. ಬೆಳಗಾದ್ರೆ ಇವರು ಬಿಟ್ಟುಹೋದ ಕೆಲಸ ಮುಗಿಸೋದೇ ನನ್ನ ಹಣೆಬರಹ."

"ಬೀಗದ ಕೈ?"

"ಎರಡಿದೆ. ಒಂದು ನನ್ನ ಹತ್ರ. ಇನ್ನೊಂದು ಕಡ್ಡಿ ಹತ್ರ. ನಿನ್ನೆ ಕೊನೆಗೆ ಬೀಗ ಹಾಕ್ಕೊಂಡು ಹೋದವಳೂ ಅವಳೇ. ಪಕ್ಕದ ಬೀದಿ ಕಾರ್ಖಾನೆಯವರು ನಮ್ಮ ಮಾದರಿ ಸಿಕ್ಕಿದ್ರೆ ಸಾಕು ಅಂತ ಬಾಯಿ ಬಿಟ್ಕೊಂಡು ಕೂತಿದಾರೆ. ಇನ್ನೇನು ಬೇಕು ನಿನಗೆ? ಖರೀದಿದಾರರು ಬರೋದ್ರೊಳಗೆ ಸ್ವೆಟರ್ ಸಿಗ್ಲಿಲ್ವೋ, ಪೊಲೀಸ್‌ನೋರನ್ನ ಕರೆಸಿ ಅವಳನ್ನ ಅವರ ಕೈಗೆ ಕೊಡ್ತೀನಿ."

"ಅಣ್ಣ, ಆ ಸ್ವೆಟರ್‌ನ ನೀನು ಸರಿಯಾಗಿ ನೋಡಿದ್ದೀಯಾ?"

"ಬಾಗಿಲಲ್ಲಿ ನಿಂತು ನೋಡಿದೆ. ಚೌಕಳಿ! ನೋಡೋದೇನಿದೆ ಅದರಲ್ಲಿ? ನನ್ನ ಜೀವಮಾನದಲ್ಲಿ ಎಷ್ಟು ಚೌಕಳಿ ನೋಡಿಲ್ಲ?"

ನೋಡದೆ ಇರುವುದಕ್ಕೂ ಹೆಮ್ಮೆಪಡುವವರನ್ನು ಕಂಡರೆ ಹದ್ದಮ್ಮನಿಗೆ ಮೈ ಉರಿಯುತ್ತದೆ. ಆದರೆ ಅಣ್ಣನನ್ನು ಬದಲಾಯಿಸಲು ಯಾವ ಅಂಗಡಿಯೂ ಇಲ್ಲ. ಆಕೆ ಅಂಗಳಕ್ಕೆ ನಡೆದಳು.

ಕಡ್ಡಿ ಅಕ್ಕ ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಹೆಸರಿಗೆ ಕಡ್ಡಿಯೇ ಹೊರತು ತುಂಬಿದ ಮೈಯ ಹೆಂಗಸು. ಸದಾ ಮುಡಿಯಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದ ಕೊಕ್ಕೆತುದಿಯ ಕ್ರೋಶಾ ಕಡ್ಡಿಯಿಂದ ಬಂದ ಹೆಸರು. ಯಂತ್ರದಿಂದ ಇಳಿದ ಸ್ವೆಟರುಗಳಿಗೆ ಕೈಯಿಂದ ಮಾಡಬೇಕಾದ ಕೊನೆಯ ಕೆಲಸವೆಲ್ಲ ಆಕೆಯದೇ.

"ನಿನ್ನೆ ಕೊನೇಲಿ ಏನು ಮಾಡಿದ್ರಿ, ಅಕ್ಕ?"

"ಯಾಕೆ ಕೇಳ್ತೀರಿ? ಕಳ್ಳಿ ಅಂತ ಆಗಲೇ ತೀರ್ಮಾನ ಆಗಿದೆಯಲ್ಲ."

"ನಾನಿನ್ನೂ ಏನೂ ತೀರ್ಮಾನ ಮಾಡಿಲ್ಲ."

ಕಡ್ಡಿ ಅಕ್ಕ ಸ್ವಲ್ಪ ತಿರುಗಿದಳು. ಅತ್ತು ಅತ್ತು ಮುಖ ಊದಿತ್ತು. "ಸ್ವೆಟರ್‌ನ ಗೊಂಬೆಯಿಂದ ತೆಗೆದೆ. ಉಲ್ಟಾ ಮಾಡಿದೆ. ಎಳೆಗಳನ್ನೆಲ್ಲ ನೀಟಾಗಿ ಜೋಡಿಸಿ ಮೇಜಿನ ಮೇಲೆ ಹಾಸಿದೆ. ಬೀಗ ಹಾಕಿ ಮನೆಗೆ ಹೋದೆ."

"ಗೊಂಬೆಯಿಂದ ಯಾಕೆ ತೆಗೆದ್ರಿ?"

"ಹೆಣಿಗೆ ಬಟ್ಟೆ, ರಾತ್ರಿಯೆಲ್ಲ ನೇತಾಡಿದ್ರೆ ಹೆಗಲು ಜೋಲುತ್ತೆ."

"ಮೇಜಿನ ಮೇಲೆ ಪಟ್ಟೆ ಸ್ವೆಟರ್ ಇತ್ತಂತಲ್ಲ?"

"ಪಟ್ಟೆ ಸ್ವೆಟರಾ? ನಾನು ಇಟ್ಟಿದ್ದು ಟಾರ್ಟನ್. ಆ ಕೋಣೇಲಿ ಬೇರೆ ಸ್ವೆಟರೇ ಇರ್ಲಿಲ್ಲ."

"ನಿಮ್ಮ ಬೀಗದ ಕೈ ಯಾರ ಕೈಗಾದ್ರೂ ಸಿಕ್ಕಿರಬಹುದಾ?"

"ಕೊರಳಲ್ಲೇ ಇದೆ, ನೋಡಿ. ಸ್ನಾನಕ್ಕೂ ತೆಗೆಯಲ್ಲ." ಕಡ್ಡಿ ಅಕ್ಕ ಸೆರಗಿನಡಿಯಿಂದ ಬೀಗದ ಕೈ ಎಳೆದು ತೋರಿಸಿದಳು. "ಮೇಡಂ, ಒಂದು ಮಾತು ಹೇಳಿ. ಊಟದ ಡಬ್ಬಿ ಮುಚ್ಚಳ ತೆಗೆದು ನೋಡಿದ್ರು. ಆ ಡಬ್ಬಿಯೊಳಗೆ ಸ್ವೆಟರ್ ಹಿಡಿಯುತ್ತಾ? ನನ್ನ ತಲೆಗೂದಲು ಬೆಳ್ಳಗಾಗಿದ್ದು ಈ ಮನೆಯ ಕೆಲಸದಲ್ಲೇ. ಮೊಮ್ಮಗನಿಗೆ ಹೆಣೀತಿದ್ದ ಕಾಲುಚೀಲಾನೂ ಕೊಡವಿ ನೋಡಿದ್ರು."

ಹದ್ದಮ್ಮನಿಗೆ ನಾಚಿಕೆಯಾಯಿತು. ಅಣ್ಣ ಮಾಡಿದ ತಪ್ಪಿಗೆ ತಂಗಿ ತಲೆತಗ್ಗಿಸಬೇಕಾದ ಕರ್ಮ ಆಕೆಗೆ ಚಿಕ್ಕಂದಿನಿಂದ ತಪ್ಪಿಲ್ಲ.

ಕಾರ್ಖಾನೆಯೊಳಗೆ ವಾಪಸು ಬರುತ್ತ ಆಕೆ ಯೋಚಿಸಿದಳು. ಒಬ್ಬರು ಮೇಜಿನ ಮೇಲೆ ಟಾರ್ಟನ್ ಇಟ್ಟೆ ಎನ್ನುತ್ತಾರೆ. ಇನ್ನೊಬ್ಬರು ಮೇಜಿನ ಮೇಲೆ ಪಟ್ಟೆ ಇತ್ತು ಎನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು. ಸುಳ್ಳು ಹೇಳುವವರು ಕೇಳದೇ ಇದ್ದದ್ದನ್ನೂ ಹೇಳುತ್ತಾರೆ, ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಈ ಇಬ್ಬರೂ ಒದ್ದಾಡಲಿಲ್ಲ. ಹಾಗಾದರೆ ಮೂರನೆಯವರು ಯಾರೋ ಅದಲುಬದಲು ಮಾಡಿದರೇ? ಯಾವ ಬೀಗದ ಕೈಯಿಂದ? ಕತ್ತಿನ ದಾರ ಬೇರೆ ಜೀವ ತಿನ್ನುತ್ತಿತ್ತು.

ಯಜಮಾನರ ಮಗಳು ಹೆಣಿಗೆ ಯಂತ್ರದ ಪಕ್ಕ ಕೈಕಟ್ಟಿ ನಿಂತಿದ್ದಳು. ಟಾರ್ಟನ್ ಸ್ವೆಟರ್ ಅವಳ ಕನಸಿನ ಕೂಸು.

"ಅಪ್ಪನಿಗೂ ನಿನಗೂ ಇದರ ಬಗ್ಗೆ ಜಗಳ ಆಗಿತ್ತಾ?" ಎಂದು ಕೇಳಿದಳು ಹದ್ದಮ್ಮ.

"ಆಗದ ದಿನ ಇದೆಯಾ ಅತ್ತೆ? 'ನಮ್ಮದು ಪಟ್ಟೆ ಸ್ವೆಟರಿನ ಮನೆ. ಈ ಟಾರ್ಟನ್‌ಗೆ ಯಂತ್ರ ನಿಲ್ಲಿಸಲ್ಲ' ಅಂತ ಒಂದೇ ಹಟ. ಬಂದು ನೋಡಿ ಅಪ್ಪ, ಹೇಗೆ ಮಾಡಿದೀವಿ ನೋಡಿ ಅಂತ ಕರೆದೂ ಕರೆದೂ ಸಾಕಾಯ್ತು. ಬಾಗಿಲು ದಾಟಿ ಒಳಗೆ ಬರಲೇ ಇಲ್ಲ."

"ಸಿಟ್ಟಿಗೆ ನೀನೇ ಬಚ್ಚಿಟ್ಟಿದ್ದೀಯಾ?"

"ಅತ್ತೆ!"

"ಕೇಳೋದು ನನ್ನ ಕೆಲಸ. ಅಷ್ಟಕ್ಕೂ ಟಾರ್ಟನ್‌ನಲ್ಲಿ ಅಂಥದ್ದೇನಿದೆ ಅಂತ ಇಷ್ಟು ರಾದ್ಧಾಂತ?"

ಕೇಳಬಾರದಿತ್ತು. ಹುಡುಗಿಯ ಕಣ್ಣು ಅರಳಿತು, ಬಾಯಿ ತೆರೆಯಿತು.

"ಅಂಥದ್ದೇನಿದೆ ಅಂದ್ರೆ? ಒಂದು ಕಾಲಕ್ಕೆ ಅದು ಪರದೇಶದ ಬೆಟ್ಟದ ಜನರ ಬಟ್ಟೆ. ಆಮೇಲೆ ಚೌಕಳಿ ನೋಡಿ ಇಂಥ ಮನೆತನ ಅಂತ ಹೇಳೋ ಹಾಗಾಯ್ತು. ಒಮ್ಮೆ ಅದನ್ನ ಉಡಬಾರದು ಅಂತ ಕಾನೂನೂ ಮಾಡಿದ್ರು. ಆಮೇಲೆ ರಾಜನೇ ಉಟ್ಟ. ಇನ್ನೊಂದು ಕಾಲಕ್ಕೆ ರಾಜಮನೆತನಕ್ಕೆ ಬೈಯೋ ಹುಡುಗರು ಅದನ್ನೇ ಹರಿದು, ಸೇಫ್ಟಿ ಪಿನ್ ಚುಚ್ಚಿ ಹಾಕ್ಕೊಂಡ್ರು. ಎರಡೂ ಕಡೆಯವರ ಮೈಮೇಲೂ ಚೆನ್ನಾಗಿ ಕಾಣೋ ಬಟ್ಟೆ ಬೇರೆ ಯಾವುದಿದೆ ಹೇಳಿ ಅತ್ತೆ!"

"ಸರಿ, ಆದ್ರೆ ನಿನ್ನೆ ಸಂಜೆ—"

"ಗಂಡಸರ ಬಟ್ಟೆ ಅಂಗಡಿಗೆ ಹೋಗಿ ನೋಡಿ. ನೀಲಿ, ಬೂದು, ಕಂದು. ಅವರಿಗೂ ಬಣ್ಣ ಬೇಕು, ಆದ್ರೆ ಬಾಯಿಬಿಟ್ಟು ಕೇಳಲ್ಲ. ಒಂದು ನೆಪ ಬೇಕು. ಟಾರ್ಟನ್ ಆ ನೆಪ ಅತ್ತೆ. ಕೆಂಪು ಹಾಕ್ಕೊಂಡೂ 'ಇದು ಹಳೇ ಕಾಲದ ಮರ್ಯಾದಸ್ಥ ಚೌಕಳಿ' ಅಂತ ತಲೆ ಎತ್ತಿ ಓಡಾಡಬಹುದು."

ಮಾತು ಚೆನ್ನಾಗಿತ್ತು. ತನಿಖೆಗೆ ಮಾತ್ರ ಚೂರೂ ಉಪಯೋಗವಿರಲಿಲ್ಲ. ನಿನ್ನೆ ಸಂಜೆ ಎಲ್ಲಿದ್ದೆ ಎಂದು ಕೇಳಿದ್ದಕ್ಕೆ, ಗಂಡನ ಜೊತೆ ಮನೆಯಲ್ಲಿದ್ದೆ, ಬೇಕಾದರೆ ಅವರನ್ನೇ ಕೇಳಿ ಎಂದಳು.

ಕೇಳಲು ಹೋದರೆ ಅಳಿಯ ಒಳಗೆಲ್ಲೂ ಕಾಣಲಿಲ್ಲ. ಹಿಂದಿನ ಬಾಗಿಲ ಬಳಿ, ತನ್ನ ಕಾರಿನ ಡಿಕ್ಕಿಗೆ ಒಂದು ಚೀಲ ತುರುಕುತ್ತ ನಿಂತಿದ್ದ. ಹದ್ದಮ್ಮನನ್ನು ಕಂಡವನೇ ಡಿಕ್ಕಿ ಮುಚ್ಚಿ ಅದರ ಮೇಲೆ ಕೂತ.

"ಏನದು ಅಳಿಯಂದಿರೇ?"

"ಏನಿಲ್ಲ ಅತ್ತೆ. ಹಳೇ ಬಟ್ಟೆ."

"ನೀವೂ ಮಾವನ ಹಾಗೆ ಟಾರ್ಟನ್ ವಿರೋಧಿನಾ?"

"ವಿರೋಧಿ ಅಂತಲ್ಲ... ಮಾವ ಹೇಳೋದು ನಿಜ. ಟಾರ್ಟನ್ ಅಂದ್ರೆ ಏನು? ಸ್ಕೂಲ್ ಹುಡುಗೀರ ಸ್ಕರ್ಟು. ತಾತನ ಮಫ್ಲರು. ಹಾಸಿಗೆ ಮೇಲಿನ ಕಂಬಳಿ. ಪ್ರತಿ ವರ್ಷ ಪತ್ರಿಕೆಯವರು 'ಟಾರ್ಟನ್ ಮರಳಿ ಬಂತು' ಅಂತ ಬರೀತಾರೆ. ಹೋಗಿದ್ದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ." ಅವನು ಹಣೆಯ ಬೆವರು ಒರೆಸಿಕೊಂಡ. ಕೇಳದೇ ಇದ್ದದ್ದನ್ನು ಹೇಳುತ್ತಿದ್ದ! ಕೈ ಎಲ್ಲಿಡಬೇಕೆಂದೂ ಗೊತ್ತಾಗುತ್ತಿರಲಿಲ್ಲ!

"ಏಳಿ ಮೇಲೆ."

"ಅತ್ತೆ, ದಯವಿಟ್ಟು..."

"ಏಳ್ತೀರೋ, ನಾನೇ ಏಳಿಸ್ಲೋ?"

ಡಿಕ್ಕಿ ತೆರೆದಳು. ಚೀಲದ ಬಾಯಲ್ಲಿ ಇಣುಕುತ್ತಿತ್ತು— ಚೌಕಳಿ! ಕೆಂಪು, ಹಸಿರು, ನಡುವೆ ಹಳದಿ ಗೆರೆ! ಹದ್ದಮ್ಮ ಅದರ ತುದಿ ಹಿಡಿದಳು. ಸರಕ್ಕನೆ ಎಳೆದಳು.

ಅದೊಂದು ಶರ್ಟು. ಬೆಲೆಯ ಚೀಟಿ ಇನ್ನೂ ಕಾಲರಿಗೆ ಅಂಟಿಕೊಂಡಿದ್ದ ಹೊಚ್ಚಹೊಸ ಟಾರ್ಟನ್ ಶರ್ಟು.

"ಖರೀದಿದಾರರು ಬಂದಾಗ ಹಾಕ್ಕೊಳ್ಳೋಣ ಅಂತ ತಂದಿದ್ದೆ," ಅಳಿಯ ಪಿಸುಗುಟ್ಟಿದ. "ನನಗೆ ಟಾರ್ಟನ್ ಅಂದ್ರೆ ಪ್ರಾಣ ಅತ್ತೆ. ಮಾವನ ಎದುರು ಹೇಳೋಕೆ ಧೈರ್ಯ ಇಲ್ಲ. ಈ ಗಲಾಟೇಲಿ ನೋಡಿದ್ರೆ ನನ್ನನ್ನೇ ಕಳ್ಳ ಅಂತಾರೆ. ದಯವಿಟ್ಟು ಅವರಿಗೆ ಹೇಳ್ಬೇಡಿ."

ಹದ್ದಮ್ಮ ಡಿಕ್ಕಿಯನ್ನು ದಡಾರನೆ ಮುಚ್ಚಿದಳು. ಅವನ ಬೆರಳು ಸಿಕ್ಕಿಕೊಳ್ಳಲಿಲ್ಲವಲ್ಲ ಎಂದು ಒಂದು ಗಳಿಗೆ ಬೇಸರವಾಯಿತು. ಈ ಮನೆಯಲ್ಲಿ ಒಬ್ಬರೂ ನೆಟ್ಟಗೆ ಮಾತಾಡುವುದಿಲ್ಲ. ಒಬ್ಬ ಕೂಗುತ್ತಾನೆ, ಒಬ್ಬಳು ಭಾಷಣ ಬಿಗಿಯುತ್ತಾಳೆ, ಒಬ್ಬ ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ಬಾಯಲ್ಲಿ ಇನ್ನೊಂದು ಹೇಳುತ್ತಾನೆ. ನಿಜ ಹೇಳಿದವಳ ಮಾತನ್ನು ಮಾತ್ರ ಯಾರೂ ನಂಬುತ್ತಿಲ್ಲ. ಆದರೆ ನಂಬಿಕೆ ಬೇರೆ, ಸಾಕ್ಷಿ ಬೇರೆ. ಸಾಕ್ಷಿ ಎಲ್ಲಿದೆ?

ಆಕೆ ಕಪಾಟುಗಳ ಹಿಂದೆ ನೋಡಿದಳು. ಯಂತ್ರಗಳ ಕೆಳಗೆ ಬಗ್ಗಿ ನೋಡಿದಳು. ಚಿಂದಿ ತುಂಬಿದ ಗೋಣಿಚೀಲಗಳಿಗೆ ಮೊಣಕೈವರೆಗೆ ಕೈಹಾಕಿ ತಡಕಿದಳು. ಧೂಳಿಗೆ ಸೀನು ಬಂತು, ಸೊಂಟ ಹಿಡಿಯಿತು. ಸ್ವೆಟರ್ ಸಿಗಲಿಲ್ಲ. ಆಚೆಯಿಂದ ಅಣ್ಣ ಕೂಗಿದರು, "ಏನಾಯ್ತೇ? ಸಿಕ್ತಾ? ಪೊಲೀಸರಿಗೆ ಫೋನ್ ಮಾಡ್ಲಾ?"

"ಬಾಯಿ ಮುಚ್ಕೊಂಡು ಕೂತ್ಕೊ ಅಣ್ಣ!"

ಸ್ಯಾಂಪಲ್ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡು ಕುರ್ಚಿಯಲ್ಲಿ ಕುಸಿದಳು. ಎದುರಿಗೆ ಆಳೆತ್ತರದ ಕನ್ನಡಿ. ಅದರಲ್ಲಿ ಕೂದಲು ಕೆದರಿದ, ಮೂಗಿಗೆ ಧೂಳು ಮೆತ್ತಿಕೊಂಡ, ಕೊರಳಲ್ಲಿ ಹಳದಿ ದಾರ ಕಟ್ಟಿಕೊಂಡ ಹೆಂಗಸೊಬ್ಬಳು ಆಕೆಯನ್ನು ದುರುಗುಟ್ಟಿ ನೋಡುತ್ತಿದ್ದಳು. ಇಷ್ಟು ವರ್ಷದ ಅನುಭವ ಒಂದು ಸ್ವೆಟರ್ ಹುಡುಕಲು ಸಾಲದಾಯಿತಲ್ಲ ಎಂದು ಆಕೆಗೆ ಅಳುವೇ ಬಂತು.

ಕತ್ತು ಮತ್ತೆ ತುರಿಸಿತು. ಹಾಳು ದಾರ! ಹೆಬ್ಬೆರಳು ತೂರಿಸಿ ಮುಂದಕ್ಕೆ ಎಳೆದಳು. ದಾರ ಉದ್ದವಾಯಿತು. ಬಿಟ್ಟಳು. ಸುರುಳಿಸುತ್ತಿಕೊಂಡು ಮತ್ತೆ ಗಿಡ್ಡವಾಯಿತು.

ಎಳೆದಳು. ಬಿಟ್ಟಳು.

ಚಿಕ್ಕಂದಿನಲ್ಲಿ ಅಮ್ಮ ಹಳೆಯ ಸ್ವೆಟರ್ ಬಿಚ್ಚುತ್ತಿದ್ದದ್ದು ನೆನಪಾಯಿತು. ಅಣ್ಣ ತಂಗಿ ಇಬ್ಬರೂ ಎದುರುಬದುರು ಕೂತು ದಾರ ಸುತ್ತಬೇಕು. ಬಿಚ್ಚಿದ ದಾರವೆಲ್ಲ ಗುಂಗುರುಗೂದಲಿನ ಹಾಗೆ ಸುರುಳಿ ಸುರುಳಿ. ಬಿಸಿನೀರಲ್ಲಿ ಅದ್ದಿ, ಭಾರ ಕಟ್ಟಿ ನೇತುಹಾಕಿದರೆ ಮಾತ್ರ ನೆಟ್ಟಗಾಗುತ್ತಿತ್ತು. ಉಂಡೆಯಿಂದ ಬಂದ ಹೊಸ ದಾರಕ್ಕೆ ಇಂಥ ಸುರುಳಿ ಇರುವುದಿಲ್ಲ. ಇದು ಎಲ್ಲೋ ಹೆಣೆದಿದ್ದ ದಾರ. ಬಿಚ್ಚಿದ ದಾರ.

ಹದ್ದಮ್ಮ ದಡಬಡಿಸಿ ಎದ್ದಳು. "ಏ ಹುಡುಗಿ! ಬಾ ಇಲ್ಲಿ!"

ಅಣ್ಣನ ಮಗಳು ಓಡಿಬಂದಳು.

"ಈ ಹಳದಿ 'ನಮ್ಮದು' ಅಂತ ಗುರುತು ಹಿಡೀತೀಯಾ?"

ಹುಡುಗಿ ದಾರವನ್ನು ಬೆಳಕಿಗೆ ಹಿಡಿದಳು. "ಇದು ಟಾರ್ಟನ್‌ಗೆ ಅಂತಲೇ ತರಿಸಿದ್ದು! ಎರಡೆಳೆ ಹುರಿ ಮಾಡಿದ್ದು, ನೋಡಿ. ಬೇರೆ ಯಾವುದಕ್ಕೂ ಬಳಸಿಲ್ಲ. ಎಲ್ಲಿ ಸಿಕ್ತು ಅತ್ತೆ?"

"ಅದಿರಲಿ. ನನಗೊಂದು ತಿಳಿಸು. ನೇಯ್ದ ಬಟ್ಟೇಲಿ ದಾರ ಅಡ್ಡಕ್ಕೂ ಹೋಗುತ್ತೆ, ಉದ್ದಕ್ಕೂ ಹೋಗುತ್ತೆ. ಚೌಕಳಿ ತಾನಾಗೇ ಬರುತ್ತೆ. ಹೆಣಿಗೆಯಲ್ಲಿ ದಾರ ಅಡ್ಡಕ್ಕೆ ಮಾತ್ರ ಓಡುತ್ತೆ, ಅಲ್ವಾ? ಮತ್ತೆ ಉದ್ದಗೆರೆ ಎಲ್ಲಿಂದ ಬಂತು?"

"ಅದೇ ಅಲ್ವಾ ಅತ್ತೆ ನಾನು ಅಪ್ಪನಿಗೆ ತೋರಿಸಬೇಕು ಅಂತಿದ್ದಿದ್ದು! ಅಪ್ಪ ಬೇರೆ ಯಂತ್ರ ಕೊಡ್ಲಿಲ್ಲ. ಅದಕ್ಕೆ..."

ಆಕೆ ಹೇಳುತ್ತ ಹೋದಂತೆ ಹದ್ದಮ್ಮನ ಮುಖದ ಮೇಲಿನ ಸಿಟ್ಟು ಜಾಗ ಬದಲಾಯಿಸಿತು. ಇಷ್ಟು ಹೊತ್ತು ಎಲ್ಲರ ಮೇಲೂ ಚೆಲ್ಲಾಡಿದ್ದದ್ದು ಈಗ ಒಬ್ಬನ ಮೇಲೆ ಬಂದು ನಿಂತಿತು.

"ಎಲ್ಲರನ್ನೂ ಕತ್ತರಿಸೋ ಮೇಜಿನ ಹತ್ರ ಕರಿ. ಕಡ್ಡಿ ಅಕ್ಕನ್ನೂ ಕರಿ. ಬರಲ್ಲ ಅಂದ್ರೆ ನಾನು ಕೈಮುಗಿದೆ ಅಂತ ಹೇಳು."

ಎಲ್ಲರೂ ಬಂದು ನಿಂತರು. ಯಂತ್ರ ನಡೆಸುವವರೂ ಕೆಲಸ ನಿಲ್ಲಿಸಿ ಹಿಂದೆ ಸೇರಿಕೊಂಡರು. ಬೆಳಿಗ್ಗೆ ಚೀಲ ಸುರಿದಾಗ ನಿಂತಿದ್ದವರೇ. ಕಡ್ಡಿ ಅಕ್ಕ ಬಾಗಿಲಿಗೆ ಒರಗಿ ನಿಂತಳು. ತನ್ನ ಸಾಮಾನುಗಳ ಕಡೆ ನೋಡಲಿಲ್ಲ.

"ಅಣ್ಣ, ಬೆಳಿಗ್ಗೆ ಮೇಜಿನ ಮೇಲಿದ್ದ ಪಟ್ಟೆ ಸ್ವೆಟರ್‌ನ ಸರಿಮಾಡಿದೆ ಅಂದೆಯಲ್ಲ. ಏನು ಸರಿಮಾಡಿದೆ?"

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

"ಹೇಳು."

"ಉಲ್ಟಾ ಬಿದ್ದಿತ್ತು. ಒಳಗಡೆ ಎಲ್ಲ ಕಚ್ಚಾ ಹೊಲಿಗೆ. ಈಗಿನವರು ಗುರುತಿಗೆ ಅಂತ ಸಿಕ್ಕಸಿಕ್ಕ ಕಡೆ ದಾರ ಎಳೀತಾರೆ, ಕೀಳೋಕೆ ಮರೀತಾರೆ. ದಿನಾ ಕೀಳೋನು ನಾನೇ. ಇವತ್ತೂ ಫೋನಲ್ಲಿ ಮಾತಾಡ್ತಾ ಒಂದೊಂದೇ ಎಳೆ ಹಿಡಿದು ಕಿತ್ತೆ. ಜೇಬಿಗೆ ಹಾಕ್ಕೊಂಡೆ. ಸ್ವೆಟರ್ ಮಡಿಸಿ ಗೋದಾಮಲ್ಲಿಟ್ಟೆ."

"ಕಿತ್ತ ದಾರ ಯಾವ ಬಣ್ಣ?"

"ಬಣ್ಣ ಏನೋ, ಹಳದಿ... ಕೆಂಪು..."

ಯಜಮಾನರ ಕಣ್ಣು ತಂಗಿಯ ಕೊರಳಿನ ಹಳದಿ ದಾರದ ಮೇಲೆ ಬಿತ್ತು.

"ಜೇಬು ತೆಗಿ," ಎಂದಳು ಹದ್ದಮ್ಮ. "ಸುರಿ ಮೇಜಿನ ಮೇಲೆ. ಎಲ್ಲರ ಮುಂದೆ."

ಯಜಮಾನರ ಕೈ ಜೇಬಿನೊಳಗೆ ಹೋಯಿತು. ಹೊರಗೆ ಬಂದಾಗ ಹಿಡಿ ತುಂಬ ಗುಂಗುರು ಗುಂಗುರಾದ ಕೆಂಪು, ಹಳದಿ ದಾರ. ಅದು ಊಟದ ಡಬ್ಬಿಯ ಪಕ್ಕದಲ್ಲಿ ಬಿದ್ದಿತು. ಹಿಂದೆ ಯಾರೋ "ಅಯ್ಯೋ" ಎಂದರು.

"ಕಡ್ಡಿ ಅಕ್ಕ, ಮೇಜಿನ ಮೇಲೆ ಟಾರ್ಟನ್ ಇಟ್ಟೆ ಅಂದ್ರಿ. ಅಣ್ಣ, ಮೇಜಿನ ಮೇಲೆ ಪಟ್ಟೆ ಇತ್ತು ಅಂದೆ. ಯಾರದು ಸುಳ್ಳು ಅಂತ ತಲೆ ಕೆಡಿಸ್ಕೊಂಡೆ ನಾನು. ಇಬ್ಬರೂ ನಿಜಾನೇ ಹೇಳಿದ್ರಿ. ಅದೂ ಇದೂ ಒಂದೇ ಸ್ವೆಟರ್!"

"ಒಂದೇ ಹೇಗಾಗುತ್ತೆ?" ಎಂದ ಅಳಿಯ.

"ನಿಮ್ಮ ಮಾವ ಟಾರ್ಟನ್‌ಗೆ ಯಂತ್ರ ಕೊಡ್ಲಿಲ್ಲ. ಅದಕ್ಕೆ ಇವರಿಬ್ಬರೂ ನಿಮ್ಮ ಮಾಮೂಲಿ ಪಟ್ಟೆ ಸ್ವೆಟರೇ ತಗೊಂಡ್ರು. ಅಡ್ಡಗೆರೆ ಅದರಲ್ಲೇ ಇತ್ತು. ಅದರ ಮೇಲೆ ಕ್ರೋಶಾ ಕಡ್ಡಿಯಿಂದ ಕೆಳಗಿಂದ ಮೇಲಕ್ಕೆ ಸರಪಣಿ ಹೊಲಿಗೆ ಹಾಕಿ ಉದ್ದಗೆರೆ ತಂದ್ರು. ಹೊರಗಡೆ ನೋಡಿದ್ರೆ ಟಾರ್ಟನ್. ಒಳಗಡೆ ನೋಡಿದ್ರೆ ಸರಪಣಿ ಕಾಣಲ್ಲ; ತುಂಡು ತುಂಡು ಗೆರೆ ಕಾಣುತ್ತೆ. ಥೇಟ್ ಕಚ್ಚಾ ಹೊಲಿಗೆ. ಹೆಗಲ ಹತ್ರ ಎಳೆಗಳ ತುದಿ ಹಾಗೇ ಬಿಟ್ಟಿದ್ರು. ಯಾಕೆ ಅಕ್ಕ?"

"ಖರೀದಿದಾರರು ಉದ್ದ ಹೆಚ್ಚುಕಮ್ಮಿ ಮಾಡಿ ಅಂದ್ರೆ?" ಎಂದಳು ಕಡ್ಡಿ ಅಕ್ಕ ಮೆಲ್ಲಗೆ. "ಅವರು ಒಪ್ಪಿದ ಮೇಲೆ ಗಂಟು ಹಾಕೋಣ ಅಂತ."

"ಗಂಟಿಲ್ಲದ ಸರಪಣಿ. ಅಕ್ಕಿಮೂಟೆಯ ಬಾಯಿ ಹೊಲಿಗೆ ಇದ್ದ ಹಾಗೆ. ತುದಿ ಹಿಡಿದು ಎಳೆದರೆ ಸರ್ರನೆ ಬಂದುಬಿಡುತ್ತೆ. ಇವನು ಎಳೆದ. ಟಾರ್ಟನ್‌ನ ಇವನೇ ಕೈಯಾರೆ ಕಿತ್ತು, ಪಟ್ಟೆ ಮಾಡಿ, ಮಡಿಸಿ ಗೋದಾಮಲ್ಲಿಟ್ಟು, ಆಮೇಲೆ ತಿರುಗಿ ಗೊಂಬೆ ನೋಡಿ 'ಕಳ್ಳಿ' ಅಂತ ಕೂಗಿದ! ಆ ದಾರದಲ್ಲೇ ಒಂದು ತುಂಡು ನನ್ನ ಕೊರಳಿಗೂ ಕಟ್ಟಿದ. ನಾನು ಅದನ್ನ ಕಟ್ಟಿಕೊಂಡೇ ಊರೆಲ್ಲ ಜಾಲಾಡಿದೆ!"

ಅಣ್ಣನ ಮಗಳು ಆಗಲೇ ಗೋದಾಮಿಗೆ ಓಡಿದ್ದಳು. ಪಟ್ಟೆ ಸ್ವೆಟರುಗಳ ರಾಶಿಯಿಂದ ಮೇಲಿನದನ್ನು ತಂದು ಕಿಟಕಿಯ ಬೆಳಕಿಗೆ ಹಿಡಿದಳು. ದಾರ ಇದ್ದ ಜಾಗದಲ್ಲೆಲ್ಲ ಹೆಣಿಗೆ ಒಂಚೂರು ಬಾಯಿಬಿಟ್ಟುಕೊಂಡಿತ್ತು. ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು ಮೇಲಿಂದ ಕೆಳಗೆ ಸಾಲಾಗಿ ಇಳಿದಿದ್ದವು. ತೋಳಿನ ಸಂದಿಯಲ್ಲಿ ಕಿತ್ತರೂ ಬಾರದೆ ಉಳಿದಿದ್ದ ಬೆರಳುದ್ದದ ಕೆಂಪು ಸರಪಣಿ ಒಂದಿತ್ತು.

"ಪಟ್ಟೆ ಮೇಲೆ ಹಾಕಿದ್ದು ಅಂತ ನಮಗೆ ಗೊತ್ತೇ ಇತ್ತು," ಎಂದಳು ಆಕೆ, ಅಳುತ್ತ. "ಆದ್ರೂ ಹೊಳೀಲಿಲ್ಲ. ಅದನ್ನ ಯಾರಾದ್ರೂ ಕೀಳ್ತಾರೆ ಅಂತ ಯಾರು ಅಂದ್ಕೊಳ್ತಾರೆ! ಒಂದು ಸಲ, ಒಂದೇ ಒಂದು ಸಲ ಬಂದು ಕೈಯಲ್ಲಿ ಹಿಡಿದು ನೋಡಿದ್ರೆ ಆಗ್ತಿತ್ತಲ್ಲ ಅಪ್ಪ!"

ಯಜಮಾನರು ಸ್ವೆಟರನ್ನು ಕೈಗೆ ತೆಗೆದುಕೊಂಡರು. ತೋಳಿನ ಸಂದಿಯಲ್ಲಿ ಉಳಿದಿದ್ದ ಕೆಂಪು ಸರಪಣಿಯ ಮೇಲೆ ಹೆಬ್ಬೆರಳು ಆಡಿಸಿದರು. ಒಂದೊಂದು ಕೊಂಡಿಯೂ ಅಚ್ಚು ಹೊಡೆದ ಹಾಗೆ ಒಂದೇ ಸಮ. ಅವರ ಮುಖ ಕಪ್ಪಿಟ್ಟಿತು.

"ನಾನು... ಮಾಮೂಲಿನಂತೆ..." ಎಂದರು.

ಹೊರಗೆ ಕಾರಿನ ಹಾರನ್ ಕೇಳಿಸಿತು. ಅಳಿಯ ಕಿಟಕಿಯಲ್ಲಿ ಇಣುಕಿ ಬೆಚ್ಚಿದ. "ಮಾವ, ಬಂದೇಬಿಟ್ರು! ಏನ್ ಹೇಳ್ಲಿ?"

"ಕೂರಿಸು," ಎಂದರು ಯಜಮಾನರು. "ನನಗೊಂದು ಕೆಲಸ ಇದೆ ಅಂತ ಹೇಳು."

ಅವರು ಖಾಲಿ ಚೀಲವನ್ನು ಎತ್ತಿಕೊಂಡರು. ಊಟದ ಡಬ್ಬಿಗೆ ಮುಚ್ಚಳ ಹಾಕಿ, ಗಟ್ಟಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿ, ಅಡಿಯಲ್ಲಿಟ್ಟರು. ಬಾಚಣಿಗೆ, ಮಾತ್ರೆ, ಬಸ್ ಪಾಸು. ಮಗುವಿನ ಕಾಲುಚೀಲಕ್ಕೆ ಬಂದಾಗ ಕೈ ತಡೆಯಿತು. ಬೆಳಿಗ್ಗೆ ಕೊಡವುವಾಗ ಅದರ ಕಡ್ಡಿಯಿಂದ ನಾಲ್ಕಾರು ಕೊಂಡಿ ಜಾರಿಹೋಗಿದ್ದವು. ಯಜಮಾನರು ಕಣ್ಣು ಕಿರಿದು ಮಾಡಿ ಒಂದೊಂದನ್ನೇ ಹಿಡಿದು ಕಡ್ಡಿಗೆ ಏರಿಸಿದರು. ಅಷ್ಟೂ ಹೊತ್ತು ಇಡೀ ಕಾರ್ಖಾನೆ ಅವರ ಕೈಯನ್ನೇ ನೋಡುತ್ತ ನಿಂತಿತ್ತು. ಕೊನೆಗೆ ಅವರು ಮೇಜಿನ ಮೇಲೆ, ಮೇಜಿನ ಕೆಳಗೆ ಹುಡುಕಾಡಿದರು.

"ನಿಮ್ಮ ಕ್ರೋಶಾ ಕಡ್ಡಿ ಕಾಣ್ತಿಲ್ಲ," ಎಂದರು. ಅವರು ಅವಳನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. "ನನ್ನಿಂದ ದೊಡ್ಡ ತಪ್ಪಾಯ್ತು ಅಕ್ಕ. ಮನೆಗೆ ಹೋಗ್ತೀನಿ ಅಂದ್ರೆ ನಾನೇ ಬಿಟ್ಟು ಬರ್ತೀನಿ."

ಕಡ್ಡಿ ಅಕ್ಕ ಚೀಲ ತೆಗೆದುಕೊಂಡು ಒಳಗೆ ನೋಡಿದಳು. ಕಾಲುಚೀಲ ತೆಗೆದು ಕೊಂಡಿಗಳನ್ನು ಪರೀಕ್ಷಿಸಿದಳು. ಒಂದು ತಿರುಚಿಕೊಂಡಿತ್ತು, ಸರಿಮಾಡಿ ವಾಪಸು ಇಟ್ಟಳು. ಬಾಗಿಲ ಕಡೆ ಒಮ್ಮೆ ನೋಡಿದಳು.

ಕಡ್ಡಿ ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮುಡಿಗೆ ಕೈಹಾಕಿ ಕ್ರೋಶಾ ಕಡ್ಡಿ ತೆಗೆದಳು.

"ಪೂರ್ತಿ ಆಗಲ್ಲ. ಮುಂಭಾಗದ ಒಂದು ಮಗ್ಗುಲು ಆಗುತ್ತೆ," ಎಂದಳು ಹುಡುಗಿಗೆ. "ಅವರನ್ನ ಇಲ್ಲೇ ಕರ್ಕೊಂಡು ಬಾಮ್ಮ. ಪಟ್ಟೆ ಹೇಗೆ ಟಾರ್ಟನ್ ಆಗುತ್ತೆ ಅಂತ ಕಣ್ಣಾರೆ ನೋಡಲಿ. ಹೊಸ ದಾರ ತಾ. ಆ ಗುಂಗುರುದಾರ ಯಾವುದಕ್ಕೂ ಆಗಲ್ಲ."

ಸ್ವೆಟರನ್ನು ಮಡಿಲಿಗೆ ಹಾಕಿಕೊಂಡು ಅವಳು ಯಜಮಾನರತ್ತ ಕತ್ತೆತ್ತಿದಳು. ಕಣ್ಣಿನ ಕೆಂಪು ಇನ್ನೂ ಆರಿರಲಿಲ್ಲ.

"ಇಲ್ಲಿ ಕೂತ್ಕೊಳ್ಳಿ. ದಾರದ ಉಂಡೆ ಕೆಳಗಿಂದ ಹಿಡ್ಕೊಂಡು ನಾನು ಕೇಳಿದಷ್ಟೇ ಬಿಡಿ," ಎಂದಳು. "ಎಳೀಬೇಡಿ."